ಅಪ್ಪಾಜಿ ಬರಹಗಳಿಗೆ ಸ್ವಂತ ಬ್ಲಾಗ್: ವರ್ಡ್‌ಪ್ರೆಸ್ಸಾ, ಹ್ಯೂಗೊನಾ, ಬೇರೆ ಏನಾದ್ರೂನಾ?

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ರಿಟೈರ್ ಆಗಿ ಹನ್ನೊಂದು ವರ್ಷ ಆಯಿತು. ಕೋಟೆಯ ಹೊಂಡಗಳು, ಚಂದ್ರವಳ್ಳಿ, ಮಾರಿಕಣಿವೆ ಡ್ಯಾಮ್, ಹಳ್ಳಿ ಜಾತ್ರೆಗಳು, ಹೀಗೆ ಕಂಡಿದ್ದೆಲ್ಲ ಬರೆದಿಟ್ಟಿದ್ದಾರೆ. ಒಟ್ಟು 64 ವರ್ಡ್ ಫೈಲ್, ಎಲ್ಲಾ ಹಳೇ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ಮನೆಯ ಕಂಪ್ಯೂಟರ್ ಕೈ ಕೊಡುವ ಮುಂಚೆ ಇವನ್ನೆಲ್ಲ ಒಂದು ಕಡೆ ಹಾಕಿಬಿಡೋಣ ಅಂತ ಹೋದ ವಾರ ಒಂದು ಡಾಟ್ ಇನ್ ಡೊಮೇನ್ (ಸೈಟಿನ ವಿಳಾಸ), ಅದರ ಜೊತೆ ಒಂದು ವರ್ಷಕ್ಕೆ ಶೇರ್ಡ್ ಹೋಸ್ಟಿಂಗ್ (ಬೇರೆಯವರ ಜೊತೆ ಹಂಚಿಕೊಳ್ಳುವ ಸರ್ವರ್ ಜಾಗ) ತಗೊಂಡೆ. ಅದನ್ನು ನೋಡಿಕೊಳ್ಳೋಕೆ ಸಿಪ್ಯಾನೆಲ್ ಅಂತ ಒಂದು ಪುಟ ಕೊಟ್ಟಿದ್ದಾರೆ. ಒಳಗೆ ಹೋಗಿ ನೋಡಿದರೆ ನೂರೆಂಟು ಐಕಾನ್. ಯಾವುದನ್ನು ಮುಟ್ಟಿದರೆ ಏನಾಗುತ್ತದೋ ಅಂತ ಸುಮ್ನೆ ಹೊರಗೆ ಬಂದೆ.

ಆಫೀಸಿನಲ್ಲಿ ಒಬ್ಬರು ಬ್ಲಾಗ್ ನಡೆಸೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹಾಕಿ ಅಂದರು. ಚಿಕ್ಕಪ್ಪನ ಮಗ ಅದು ದಂಡ, ಹ್ಯೂಗೊ ಹಾಕು ಅಂತಾನೆ. ಇನ್ನೊಬ್ಬರು ಗೂಗಲ್‌ನ ಬ್ಲಾಗರ್ ಪುಕ್ಕಟೆ ಇರುವಾಗ ದುಡ್ಡು ಯಾಕೆ ಸುರಿದೆ ಅಂತ ಬೈದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕೋಡ್ ಗೀಡ್ ಗೊತ್ತಿಲ್ಲ. ಮುಂದೆ ಅಪ್ಪಾಜಿ ತಾವೇ ಫೋನಿನಲ್ಲಿ ಬರೆದು ಹಾಕುವ ಹಾಗಿರಬೇಕು. ಅವರಿಗೆ 71. ವಾಟ್ಸಾಪ್ ಚೆನ್ನಾಗಿ ಬರುತ್ತದೆ, ಸ್ವಲ್ಪ ಜಾಸ್ತಿಯೇ ಬರುತ್ತದೆ. ಯಾವುದು ಹಾಕಲಿ, ಹೇಗೆ ಹಾಕಲಿ?


ಬೆಣ್ಣೆದೋಸೆ ಖಾಲಿ, ದಾವಣಗೆರೆ

ಮೇಡಂ, ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಅವನಿಗೆ ಸರಿ, ನಿಮ್ಮ ಅಪ್ಪಾಜಿಗೆ ಅಲ್ಲ. ಬರೆಯುವವರು ಯಾರು ಅಂತ ಮೊದಲು ನೋಡಬೇಕು. ಹ್ಯೂಗೊದಲ್ಲಿ ಲಾಗಿನ್ ಆಗಿ ಬರೆಯುವ ಪುಟವೇ ಇರಲ್ಲ. ಪ್ರತಿ ಲೇಖನ ಒಂದು ಫೈಲು, ಅದನ್ನು ಕಮಾಂಡ್ ಕೊಟ್ಟು ಪುಟವಾಗಿ ಮಾಡಿ ಮೇಲೆ ಹಾಕಬೇಕು. 71ರ ಮೇಷ್ಟ್ರು ಫೋನ್ ಹಿಡ್ಕೊಂಡು ಅದನ್ನು ಮಾಡೋದು ಕಷ್ಟ. ಘೋಸ್ಟ್ ಅಂತ ಇನ್ನೊಂದಿದೆ, ನೋಡೋಕೆ ಚೆಂದ, ಆದರೆ ಅದಕ್ಕೆ ಸರ್ವರಿನಲ್ಲಿ ನೋಡ್ ಜೆಎಸ್ ಅನ್ನೋ ಸಾಫ್ಟ್‌ವೇರ್ ಬೇಕು, ಸಾಮಾನ್ಯ ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ಕೂರಲ್ಲ. ಬ್ಲಾಗರ್ ಕೆಟ್ಟದ್ದೇನಲ್ಲ, ಸ್ವಂತ ಡೊಮೇನನ್ನೂ ಪುಕ್ಕಟೆ ಜೋಡಿಸಬಹುದು. ಆದರೆ ದುಡ್ಡು ಕಟ್ಟಿ ಆಗಿದೆ, ಮತ್ತೆ ಬಾಡಿಗೆ ಮನೆ ಯಾಕೆ. ವರ್ಡ್‌ಪ್ರೆಸ್ ಹಾಕಿ. ಫೋನಿಗೆ ಅದರ ಆ್ಯಪ್ ಇದೆ, ವಾಟ್ಸಾಪ್ ಬರುವವರಿಗೆ ಅದು ಎರಡು ದಿನದಲ್ಲಿ ಬರುತ್ತದೆ.

ಒಂದು ಮಾತು. ವರ್ಡ್‌ಪ್ರೆಸ್ ಡಾಟ್ ಕಾಮ್ ಬೇರೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಬೇರೆ. ಮೊದಲನೆಯದು ಅವರ ಜಾಗದಲ್ಲಿ ನಿಮಗೆ ಖಾತೆ ಕೊಡುವ ಕಂಪನಿ. ನಿಮಗೆ ಬೇಕಾದ್ದು ಎರಡನೆಯದು, ಸಾಫ್ಟ್‌ವೇರ್ ಮಾತ್ರ, ಅದಕ್ಕೆ ದುಡ್ಡಿಲ್ಲ.

ಹಾಕೋದು ಹೀಗೆ. ಸಿಪ್ಯಾನೆಲ್‌ನಲ್ಲಿ ಕೆಳಗಡೆ ಸಾಫ್ಟಾಕ್ಯುಲಸ್ ಅಂತ ಇರುತ್ತದೆ, ಸಾಫ್ಟ್‌ವೇರ್‌ಗಳನ್ನು ತಾನೇ ಹಾಕಿಕೊಡುವ ಸಾಧನ, ಅದರಲ್ಲಿ ವರ್ಡ್‌ಪ್ರೆಸ್, ಇನ್‌ಸ್ಟಾಲ್. ಒಂದು ಉದ್ದದ ಫಾರ್ಮ್ ತೆರೆಯುತ್ತದೆ. ಅದರಲ್ಲಿ ಮೇಲೆ ಎಚ್‌ಟಿಟಿಪಿಎಸ್ (ಸುರಕ್ಷಿತ ವಿಳಾಸ) ಇರುವುದನ್ನೇ ಆರಿಸಿ. 'ಇನ್ ಡೈರೆಕ್ಟರಿ' ಅನ್ನುವ ಡಬ್ಬಿಯಲ್ಲಿ ಡಬ್ಲ್ಯೂಪಿ ಅಂತ ಮೊದಲೇ ತುಂಬಿರಬಹುದು, ಅದನ್ನು ಅಳಿಸಿ ಖಾಲಿ ಬಿಡಿ. ಬಿಡದಿದ್ದರೆ ನಿಮ್ಮ ಡೊಮೇನ್ ಮುಂದೆ ಸ್ಲಾಶ್ ಡಬ್ಲ್ಯೂಪಿ ಹೊಡೆದರೆ ಮಾತ್ರ ಸೈಟ್ ಕಾಣುತ್ತದೆ, ಬರೀ ಡೊಮೇನ್ ಹೊಡೆದರೆ ಖಾಲಿ ಪುಟ. ನನ್ನ ಹತ್ತಿರ ಬರುವ ಅರ್ಧ ಜನರ ತೊಂದರೆ ಇದೇ. ಯೂಸರ್ ನೇಮ್ ಅಡ್ಮಿನ್ ಅಂತ ಇದ್ದರೆ ಬದಲಿಸಿ, ಕಳ್ಳ ಬಾಟ್‌ಗಳು ಮೊದಲು ಬಡಿಯುವ ಬಾಗಿಲು ಅದು. ಪಾಸ್‌ವರ್ಡ್ ಅಪ್ಪಾಜಿ ಹುಟ್ಟಿದ ತಾರೀಖು ಇಡಬೇಡಿ ದಯವಿಟ್ಟು. ಭಾಷೆ ಕನ್ನಡ ಆರಿಸಿ, ಆಗ ತಿಂಗಳ ಹೆಸರೆಲ್ಲ ಕನ್ನಡದಲ್ಲೇ ಬರುತ್ತದೆ. ಒಳಗಿನ ಮೆನು ಕನ್ನಡದಲ್ಲಿ ಅರ್ಥ ಆಗದಿದ್ದರೆ ಪ್ರೊಫೈಲ್‌ನಲ್ಲಿ ನಿಮ್ಮ ಖಾತೆಗೆ ಮಾತ್ರ ಇಂಗ್ಲಿಷ್ ಇಟ್ಟುಕೊಳ್ಳಿ, ಓದುವವರಿಗೆ ಕನ್ನಡವೇ ಕಾಣುತ್ತದೆ.

ಇನ್ನೊಂದು, ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲೇ ಇದೆ ತಾನೆ? ಮಂಡಿಪೇಟೆಯ ನಮ್ಮ ಪರಿಚಯದವರೊಬ್ಬರು ಅಂಗಡಿಗೆ ಸೈಟ್ ಮಾಡಿಸಿದ್ದರು. ಮಾಡಿಕೊಟ್ಟ ಹುಡುಗ ಡೊಮೇನ್ ತನ್ನ ಹೆಸರಲ್ಲೇ ಬರೆಸಿಕೊಂಡು, ಆಮೇಲೆ ಬೆಂಗಳೂರು ಸೇರಿದ. ಫೋನೇ ಎತ್ತಲ್ಲ. ರಿನ್ಯೂ ಆಗದೆ ಡೊಮೇನ್ ಹೋಯಿತು, ಬೋರ್ಡ್ ಮೇಲೆ, ಬಿಲ್ ಪುಸ್ತಕದ ಮೇಲೆ ಬರೆಸಿದ್ದು ಹಾಗೇ ಉಳಿಯಿತು.


ಕರಿಪರದೆ, ದಾವಣಗೆರೆ

ಆ ಚಿಕ್ಕಪ್ಪನ ಮಗನ ಪರವಾಗಿ ಯಾರೂ ಮಾತಾಡಲ್ಲವಲ್ಲ, ನಾನೇ ಮಾತಾಡುತ್ತೇನೆ. ಹ್ಯೂಗೊದಲ್ಲಿ ಬರಹ ಇಟ್ಟುಕೊಳ್ಳುವ ಡೇಟಾಬೇಸ್ ಇಲ್ಲ, ಸರ್ವರಿನಲ್ಲಿ ಓಡುವ ಪಿಎಚ್‌ಪಿ ಇಲ್ಲ. ಬಾಗಿಲೇ ಇಲ್ಲದ ಮನೆಗೆ ಕಳ್ಳ ಎಲ್ಲಿಂದ ನುಗ್ಗುತ್ತಾನೆ? ಅಪ್‌ಡೇಟ್ ಮಾಡುವ ತಲೆನೋವಿಲ್ಲ, ಐದು ವರ್ಷ ಮುಟ್ಟದೇ ಇದ್ದರೂ ಪುಟ ಹಾಗೇ ತೆರೆಯುತ್ತದೆ. ನನ್ನ ಸ್ವಂತದ್ದು ಹ್ಯೂಗೊನೇ. ವರ್ಡ್‌ಪ್ರೆಸ್ ಹಾಗಲ್ಲ, ಎಮ್ಮೆ ಸಾಕಿದ ಹಾಗೆ, ದಿನಾ ಹಾಲು ಕೊಡುತ್ತದೆ, ದಿನಾ ಮೇವೂ ಹಾಕಬೇಕು.

ಇಷ್ಟು ಹೇಳಿದ ಮೇಲೂ, ಮೇಷ್ಟ್ರು ಫೋನಿನಲ್ಲೇ ಬರೆಯಬೇಕು ಅಂದರೆ ವರ್ಡ್‌ಪ್ರೆಸ್ಸೇ ಸರಿ, ಒಪ್ಪುತ್ತೇನೆ. ಮೇವು ಅಂದೆನಲ್ಲ, ಅದು ಇಷ್ಟೇ. ಸಣ್ಣ ಸೆಕ್ಯುರಿಟಿ ಅಪ್‌ಡೇಟ್ ತಾನಾಗೇ ಆಗುತ್ತದೆ, ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ಪ್ಲಗಿನ್‌ಗಳಿಗೂ ಆಟೋ ಅಪ್‌ಡೇಟ್ ಆನ್ ಮಾಡಿಬಿಡಿ. ಪ್ಲಗಿನ್ ನಾಲ್ಕೈದಕ್ಕಿಂತ ಜಾಸ್ತಿ ಬೇಡ. ದುಡ್ಡಿನ ಥೀಮನ್ನು (ಸೈಟಿನ ವೇಷ) ಯಾರೋ ಪುಕ್ಕಟೆ ಕೊಡುತ್ತೇನೆ ಅಂದರೆ ತಗೋಬೇಡಿ, ಒಳಗೆ ಹುಳ ಇರುತ್ತದೆ.

ನಾಳೆ ಇದೂ ನಿಂತುಹೋದರೆ ಅಂತ ಹೆದರುವವರಿಗೆ ಒಂದು ಹಳೇ ಕಥೆ. ವರ್ಡ್‌ಪ್ರೆಸ್‌ಗಿಂತ ಮುಂಚೆ ಬಿ2 ಅಂತ ಒಂದು ಬ್ಲಾಗ್ ಸಾಫ್ಟ್‌ವೇರ್ ಇತ್ತು. ಬರೆದವನು ಅದರ ಕೆಲಸ ಬಿಟ್ಟುಬಿಟ್ಟ. ಯಾರು ಬೇಕಾದರೂ ತಗೊಂಡು ಬದಲಿಸಬಹುದು ಅನ್ನೋ ಜಿಪಿಎಲ್ ಲೈಸೆನ್ಸ್ ಇದ್ದಿದ್ದಕ್ಕೆ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನೇ ಎತ್ತಿಕೊಂಡು ಮುಂದುವರಿಸಿ, 2003ರ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್ ಅಂತ ಬಿಟ್ಟರು. ಇದಕ್ಕೂ ಅದೇ ಲೈಸೆನ್ಸ್.

ಸಾಫ್ಟಾಕ್ಯುಲಸ್ ಇಲ್ಲ ಅಂದರೆ ಕೈಯಲ್ಲೇ ಹಾಕಬಹುದು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಇಳಿಸಿಕೊಂಡ ಜಿಪ್ ಬಿಚ್ಚಿದಾಗ ವರ್ಡ್‌ಪ್ರೆಸ್ ಅನ್ನೋ ಫೋಲ್ಡರ್ ಬರುತ್ತದೆ, ಅದರ ಒಳಗಿನದನ್ನೆಲ್ಲ ಸೈಟ್ ಇರುವ ಫೋಲ್ಡರ್ ಆದ ಪಬ್ಲಿಕ್ ಎಚ್‌ಟಿಎಂಎಲ್‌ಗೆ ತರಬೇಕು. ಡೇಟಾಬೇಸ್ ಮಾಡಬೇಕು, ಯೂಸರ್ ಮಾಡಬೇಕು, ಆಮೇಲೆ ಆ ಯೂಸರನ್ನು ಆ ಡೇಟಾಬೇಸ್‌ಗೆ ಸೇರಿಸಬೇಕು. ಈ ಮೂರನೇದನ್ನು ಮರೆತು ಡೇಟಾಬೇಸ್ ಕನೆಕ್ಷನ್ ಎರರ್ ಅಂತ ರಾತ್ರಿಯೆಲ್ಲ ಕೂತವರನ್ನು ನೋಡಿದ್ದೇನೆ. ಒಬ್ಬ ನಾನೇ.


ಅಂಗಡಿ ಅಣ್ಣ, ಹೊಳಲ್ಕೆರೆ

ತಂಗೀ, ಎಲ್ಲರೂ ಸಾಫ್ಟ್‌ವೇರ್ ಬಗ್ಗೆ ಹೇಳುತ್ತಿದ್ದಾರೆ. ನಿನ್ನ ನಿಜವಾದ ಕೆಲಸ ಇರೋದು ಆ 64 ಫೈಲಿನಲ್ಲಿ. ನನ್ನದು ಡಿಟಿಪಿ ಅಂಗಡಿ, ಲಗ್ನಪತ್ರಿಕೆ, ಕರಪತ್ರ ಎಲ್ಲಾ ನುಡಿಯಲ್ಲೇ ಮಾಡಿದವನು.

ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನೋಡೋಕೆ ಮಾತ್ರ ಕನ್ನಡ. 'ಕ' ಅಂತ ಕಾಣೋದು ಒಳಗೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಎ. ಅದನ್ನು ಹಾಗೇ ಕಾಪಿ ಮಾಡಿ ಸೈಟಿಗೆ ಹಾಕಿದರೆ ಓದುವವರಿಗೆ ಬರೀ ಇಂಗ್ಲಿಷ್ ಚಿತ್ತು ಕಾಣುತ್ತದೆ, ಗೂಗಲ್‌ನಲ್ಲೂ ಸಿಗಲ್ಲ. ಮೊದಲು ಯೂನಿಕೋಡ್ ಮಾಡಬೇಕು, ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ ಅದು. ಆಸ್ಕಿಯಿಂದ (ಈ ಹಳೇ ಫಾಂಟಿನ ಸಂಕೇತ) ಯೂನಿಕೋಡ್ ಮಾಡುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಆದರೆ ಕನ್ವರ್ಟರ್ ಮಾಡಿಕೊಟ್ಟಿತು ಅಂತ ನಂಬಿ ಕೂರಬೇಡ. ಅರ್ಕಾವತ್ತು ಜಾಗ ತಪ್ಪುತ್ತದೆ. ಹಳೇ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರ ಆದಮೇಲೆ ಒತ್ತುತ್ತಿದ್ದೆವು, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಅದಕ್ಕೇ ವರ್ಷ ಹೋಗಿ ವಷರ್ ಆಗುತ್ತದೆ, ಕರ್ನಾಟಕ ಹೋಗಿ ಕನಾರ್ಟಕ. ನಿಮ್ಮ ಊರಿಗಂತೂ ಗ್ರಹಚಾರ, ಎಲ್ಲಾ ಕಡೆ ಚಿತ್ರದುಗರ್ ಅಂತ ಬರಬಹುದು. ಮೊದಲು ಒಂದು ಫೈಲ್ ಮಾಡಿ ಪ್ರಿಂಟ್ ತೆಗೆದು ಅಪ್ಪಾಜಿ ಕೈಗೆ ಕೊಡು. ಮೇಷ್ಟ್ರು ಅಲ್ವಾ, ಕೆಂಪು ಪೆನ್ನು ಹಿಡಿದರೆ ಒಂದೂ ತಪ್ಪಲ್ಲ.

ಥೀಮ್ ಆರಿಸುವಾಗ ಡೆಮೊದಲ್ಲಿ ಇಂಗ್ಲಿಷ್ ನೋಡಿ ಮರುಳಾಗಬೇಡ. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ಅವರು ಸಾಲುಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ. ಅದರಲ್ಲಿ ನಮ್ಮ 'ಸ್ತ್ರೀ' ಹಾಕಿ ನೋಡು, ಒತ್ತು ಕೆಳಗಿನ ಸಾಲಿನ ತಲೆಗೆ ತಗಲುತ್ತದೆ. ಸಾಲಿನ ಅಂತರ 1.7 ಇಡು. ಫಾಂಟಿಗೆ ನೋಟೊ ಸೆರಿಫ್ ಕನ್ನಡ ಸಾಕು. ಓರೆ ಅಕ್ಷರ ಮಾತ್ರ ಬೇಡವೇ ಬೇಡ.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಎಲ್ಲರಿಗೂ ಥ್ಯಾಂಕ್ಸ್. ಐದು ದಿನ ಆದಮೇಲೆ ಬರುತ್ತಿದ್ದೇನೆ. ವರ್ಡ್‌ಪ್ರೆಸ್ ಹಾಕಿದೆ. ಡಬ್ಲ್ಯೂಪಿ ಅನ್ನೋದನ್ನು ಅಳಿಸಿದೆ (ನಿಜವಾಗಲೂ ತುಂಬಿತ್ತು!). ಡೊಮೇನ್ ನನ್ನ ಹೆಸರಲ್ಲೇ ಇದೆ, ನೋಡಿಕೊಂಡೆ. ಮೊದಲ ದಿನ ಬ್ರೌಸರ್ 'ಸುರಕ್ಷಿತವಲ್ಲ' ಅಂತ ಹೆದರಿಸಿತು, ಮಾರನೇ ದಿನ ತಾನೇ ಸರಿಹೋಯಿತು.

ಅಣ್ಣ, ಚಿತ್ರದುಗರ್ ಅಂತ ನೀವು ಹೇಳಿದ್ದು ಅಕ್ಷರಶಃ ನಿಜ. ಒಂದೇ ಫೈಲಿನಲ್ಲಿ 31 ಸಲ. ಅಪ್ಪಾಜಿ ಪ್ರಿಂಟ್ ನೋಡಿ 'ಯಾವನೇ ಇದನ್ನ ಟೈಪ್ ಮಾಡಿದ್ದು' ಅಂತ ಕೂಗಾಡಿದರು. ಕಂಪ್ಯೂಟರ್ ಅಂದೆ. ಅದಕ್ಕೂ ಬೈದರು.

ಈಗ ಹೊಸ ತೊಂದರೆ. 'ಚಿತ್ರದುರ್ಗದ ಕೋಟೆಯ ಹೊಂಡಗಳು ತುಂಬಿದ ದಿನ' ಅಂತ ಲೇಖನ ಹಾಕಿದೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ ಎಲ್ಲದರ ಫೋಟೋ ಹಾಕಿ ಚೆನ್ನಾಗಿ ಬಂತು. ಆದರೆ ಮೇಲೆ ವಿಳಾಸದಲ್ಲಿ 'ಚಿತ್ರದುರ್ಗದ-ಕೋಟೆಯ-ಹೊಂಡಗಳ' ಅಂತ ಬಂದು ಅಲ್ಲಿಗೇ ನಿಂತಿದೆ, ಕೊಂಬೂ ಇಲ್ಲ. ಲಿಂಕನ್ನು ವಾಟ್ಸಾಪಿಗೆ ಹಾಕಿದರೆ ಶೇಕಡಾ ಚಿಹ್ನೆ, ಇ, ಸೊನ್ನೆ ಅಂತ ಒಂದು ಮಾರು ಉದ್ದ ಬರುತ್ತದೆ. ಅಪ್ಪಾಜಿ ಸ್ನೇಹಿತರು ವೈರಸ್ ಅಂದುಕೊಂಡು ಯಾರೂ ಒತ್ತಲಿಲ್ಲ.


ಕರಿಪರದೆ, ದಾವಣಗೆರೆ

ಇದು ನನಗೆ ಇಷ್ಟವಾದ ಕೇಸು, ಎಣಿಸಿಯೇ ಬಿಟ್ಟೆ. ವಿಳಾಸದ ಆ ಭಾಗಕ್ಕೆ ಸ್ಲಗ್ ಅಂತಾರೆ, ವರ್ಡ್‌ಪ್ರೆಸ್ ಅದಕ್ಕೆ 200 ಅಕ್ಷರದ ಮಿತಿ ಇಟ್ಟಿದೆ. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ (ಕಂಪ್ಯೂಟರ್ ಜಾಗದ ಅಳತೆ), ವಿಳಾಸದಲ್ಲಿ ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಅಲ್ಲಿಗೆ 9. ಮತ್ತೆ 'ಚಿ' ಅಂದರೆ ಒಂದಲ್ಲ, ಚ ಮತ್ತು ಗುಡಿಸು, ಎರಡು. 'ತ್ರ' ಮೂರು. ಹೀಗೆ 'ಚಿತ್ರದುರ್ಗದ' ಒಂದಕ್ಕೇ 11 ಸಂಕೇತ, 99 ಖರ್ಚು. 'ಕೋಟೆಯ' 45. ನಡುವಿನ ಎರಡು ಗೀಟು ಸೇರಿ 146. ಉಳಿದ 54ರಲ್ಲಿ ಆರು ಸಂಕೇತ ಹಿಡಿಯುತ್ತದೆ, ಹೊಂಡಗಳ. 200 ಭರ್ತಿ. ಕೊಂಬಿಗೆ ಜಾಗ ಇಲ್ಲ!

ಲೇಖನ ತಿದ್ದುವ ಪುಟದಲ್ಲಿ ಬಲಗಡೆ ಸ್ಲಗ್ ಇರುತ್ತದೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೋಟೆ-ಹೊಂಡ ಅಂತ ಚಿಕ್ಕದಾಗಿ ಬರೆಯಿರಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈಗಾಗಲೇ ಕಳಿಸಿದ ಲಿಂಕ್ ಕೆಡಲ್ಲ, ಹಳೇ ಸ್ಲಗ್‌ಗೆ ಬಂದವರನ್ನು ಹೊಸದಕ್ಕೆ ಅದೇ ಕಳಿಸುತ್ತದೆ.


ಬೆಣ್ಣೆದೋಸೆ ಖಾಲಿ, ದಾವಣಗೆರೆ

ನಾನು ಇಷ್ಟು ವರ್ಷದಿಂದ ಸೈಟ್ ಮಾಡುತ್ತಿದ್ದೇನೆ, ಈ 200ರ ಲೆಕ್ಕ ಗೊತ್ತಿರಲಿಲ್ಲ. ಸುಮ್ನೆ ಇಂಗ್ಲಿಷಿನಲ್ಲಿ ಬರೀರಿ ಅಂತ ಹೇಳಿ ಕಳಿಸುತ್ತಿದ್ದೆ.

ಮೇಡಂ, ಬ್ಯಾಕಪ್ ಬಗ್ಗೆ ಒಂದು ಮಾತು, ಇದು ನನ್ನದೇ ಪೆಟ್ಟು. ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಒಂದು ಕನ್ನಡ ಸೈಟ್ ಸಾಗಿಸಿದ್ದೆ. ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡುವಾಗ ಅಕ್ಷರದ ಸೆಟ್ ತಪ್ಪಾಗಿತ್ತು, ನೋಡಲಿಲ್ಲ. ಹೊಸ ಜಾಗದಲ್ಲಿ ತೆರೆದರೆ ಪುಟದ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ. ಒಂದು ಸಲ ಪ್ರಶ್ನೆ ಚಿಹ್ನೆಯಾಗಿ ಸೇವ್ ಆಯಿತು ಅಂದರೆ ಅದರಿಂದ ಕನ್ನಡ ವಾಪಸ್ ಬರಲ್ಲ. ಅಷ್ಟರಲ್ಲಿ ಹಳೇ ಹೋಸ್ಟಿಂಗಿನವರು ಖಾತೆ ಅಳಿಸಿಯಾಗಿತ್ತು. ಪುಣ್ಯಕ್ಕೆ ಆ ಸೈಟಿನವರು ವರ್ಡ್‌ಪ್ರೆಸ್ ಒಳಗಿಂದಲೇ, ಟೂಲ್ಸ್‌ನಲ್ಲಿ ಎಕ್ಸ್‌ಪೋರ್ಟ್ ಅಂತ ಇದೆಯಲ್ಲ, ಅಲ್ಲಿಂದ ತೆಗೆದ ಒಂದು ಫೈಲನ್ನು ಇಮೇಲ್ ಮಾಡಿಟ್ಟುಕೊಂಡಿದ್ದರು. ಬರಹ ಎಲ್ಲಾ ಸಿಕ್ಕಿತು, ಫೋಟೋ ಹೋದವು, ಯಾಕೆಂದರೆ ಆ ಫೈಲಿನಲ್ಲಿ ಫೋಟೋ ಇರಲ್ಲ, ಅದರ ವಿಳಾಸ ಮಾತ್ರ ಇರುತ್ತದೆ. ಅಪ್‌ಲೋಡ್ಸ್ ಫೋಲ್ಡರನ್ನು ಬೇರೆ ಇಳಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಡಿ. ನುಡಿ ಫೈಲುಗಳನ್ನೂ ಎಸೆಯಬೇಡಿ.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಸ್ಲಗ್ ಬದಲಾಯಿಸಿದೆ, ಈಗ ಲಿಂಕ್ ಒಂದೇ ಸಾಲಿನಲ್ಲಿ ಬರುತ್ತದೆ. ಅಪ್ಪಾಜಿ ಸ್ನೇಹಿತರೂ ಒತ್ತಿದರು, ಒಬ್ಬರು ಕಮೆಂಟ್‌ನಲ್ಲಿ ಸಂತೆ ಹೊಂಡ ಯಾಕೆ ಬಿಟ್ಟೆ ಅಂತ ಜಗಳ ಶುರು ಮಾಡಿದ್ದಾರೆ. ಪೆನ್‌ಡ್ರೈವ್ ತಂದೆ. 64ರಲ್ಲಿ ಒಂಬತ್ತು ಫೈಲ್ ತಿದ್ದಿ ಆಗಿದೆ, ಮಿಕ್ಕಿದ್ದು ಕೆಂಪು ಪೆನ್ನಿನ ಕೆಳಗಿದೆ.

ನಿನ್ನೆ ಅಪ್ಪಾಜಿಗೆ ಆ್ಯಪ್ ತೋರಿಸಿದೆ. 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಿತ್ತಲ್ಲ, 1933 ಆದಮೇಲೆ ಅದೇ ಮೊದಲು, ಅದನ್ನು ನೋಡೋಕೆ ಹೋಗಿದ್ದರ ಬಗ್ಗೆ ರಾತ್ರಿ ಕೂತು ಫೋನಿನಲ್ಲೇ ಬರೆದು, ನನಗೆ ಹೇಳದೆ ಪಬ್ಲಿಶ್ ಒತ್ತಿದ್ದಾರೆ. ಬೆಳಿಗ್ಗೆ ನೋಡಿದರೆ ಶೀರ್ಷಿಕೆ: 'ಮಾರಿಕಣಿವೆ ಕೋಡಿ ಬಿದ್ದಿದ್ದನ್ನು ನೋಡಲು ಹಿರಿಯೂರಿನಿಂದ ಟ್ರ್ಯಾಕ್ಟರಿನಲ್ಲಿ ಹೋದ ನಾವು ಏಳು ಜನ ಮತ್ತು ಒಂದು ಬುತ್ತಿ ಗಂಟು'. ಕರಿಪರದೆ ಅಣ್ಣ, ಎಲ್ಲಿಗೆ ನಿಲ್ಲುತ್ತದೆ ಅಂತ ನೀವೇ ಎಣಿಸಿ ಹೇಳಿ.