ವೆಡೇಲಿಯಾ ಕಿತ್ತಷ್ಟೂ ಬರುತ್ತಿದೆ, ಏನು ಮಾಡೋದು?

ಕುವೆಂಪುನಗರದ ಸೊಸೆ:
ಮೈಸೂರಿನಲ್ಲಿ ಈ ಮನೆ ಕೊಂಡಾಗಲೇ ಕಾಂಪೌಂಡ್ ಪಕ್ಕ ವೆಡೇಲಿಯಾ ಬಳ್ಳಿ ಹಬ್ಬಿತ್ತು. ಹಳದಿ ಹೂವು, ನೋಡೋಕೆ ಚೆನ್ನಾಗೇ ಇದೆ. ಆದರೆ ಈ ಮಳೆಗಾಲದಲ್ಲಿ ಕನಕಾಂಬರದ ಪಾತಿಗೆ ನುಗ್ಗಿದೆ, ಮಲ್ಲಿಗೆ ಬುಡವೇ ಕಾಣುತ್ತಿಲ್ಲ. ಅಂಗಡಿಯವರು ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೀರಿ ಅಂತಾರೆ. ನಮ್ಮತ್ತೆ ನೋಡಿದರೆ, ಅದು ಭೃಂಗರಾಜ, ತಲೆಗೆ ಎಣ್ಣೆ ಕಾಯಿಸಬಹುದು, ಕೀಳಬೇಡ ಅಂತಾರೆ. ಯಾರ ಮಾತು ಕೇಳಲಿ?

ಹೆಬ್ಬಾಳದವನು:
ಹುಲ್ಲು ಕತ್ತರಿಸೋ ಮಷಿನ್ ಓಡಿಸಿ ಮೇಡಂ, ಮುಗೀತು.

ಮಂಡ್ಯದ ತೋಟದವಳು:
ಅಕ್ಕ, ಮಷಿನ್ ಮಾತ್ರ ಬೇಡ. ಈ ಬಳ್ಳಿಗೆ ಗೆಣ್ಣು ಗೆಣ್ಣಿಗೂ ಬೇರು. ಬೆರಳುದ್ದದ ತುಂಡು ಒದ್ದೆ ಮಣ್ಣಿಗೆ ಬಿದ್ದರೆ ಸಾಕು, ಚಿಗುರುತ್ತದೆ. ಮಷಿನ್ ಓಡಿಸಿದರೆ ತುಂಡುಗಳು ಇಡೀ ಅಂಗಳಕ್ಕೆ ಹಾರುತ್ತವೆ. ಬೀಜದಿಂದ ಹರಡೋದು ಕಡಿಮೆ, ಹಾಗಾಗಿ ಬರೀ ಹೂವು ಚಿವುಟಿಯೂ ಪ್ರಯೋಜನ ಇಲ್ಲ.

ನಮ್ಮ ತೆಂಗಿನ ಬುಡದಲ್ಲಿ ಹಬ್ಬಿದ್ದನ್ನು ತೆಗೆದಿದ್ದು ಹೀಗೆ. ಹಿಂದಿನ ಸಂಜೆ ನೀರು ಬಿಟ್ಟೆವು, ಮಣ್ಣು ಮೆತ್ತಗಾಯಿತು. ಬೆಳಿಗ್ಗೆ ಒಂದು ಅಂಚಿನಿಂದ ಚಾಪೆ ಸುತ್ತಿದ ಹಾಗೆ ಬಳ್ಳಿ ಎತ್ತುತ್ತಾ ಹೋದೆವು. ಬೇರು ಕಚ್ಚಿದ ಕಡೆ ಕುರ್ಪಿ ಹಾಕಿ ಮೀಟಬೇಕು. ಜೋರಾಗಿ ಎಳೆದರೆ ಪಟ್ ಅಂತ ಗೆಣ್ಣಿನ ಹತ್ತಿರವೇ ತುಂಡಾಗುತ್ತದೆ, ಬುಡ ಒಳಗೇ ಉಳಿಯುತ್ತದೆ. ಖಾಲಿ ಜಾಗಕ್ಕೆ ದಪ್ಪ ಕಪ್ಪು ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲು ಹೇರಿ ಒಂದೆರಡು ತಿಂಗಳು ಬಿಡಿ. ಕನಕಾಂಬರದ ನಡುವೆ ಅದು ಆಗಲ್ಲ, ಕೂತು ಕೈಯಲ್ಲೇ ಆರಿಸಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಅತ್ತೆಯವರಿಗೆ ಹೇಳಿ, ಎಣ್ಣೆಗೆ ಹಾಕುವ ಭೃಂಗರಾಜ, ಅಂದರೆ ಗರಗದ ಸೊಪ್ಪಿನ ಹೂವು ಬಿಳಿ, ಪುಟ್ಟದು. ಹಳದಿ ಹೂವಿನ ಭೃಂಗರಾಜವೂ ಇದೆ, ನಿಜ. ಅದರ ಎಲೆ ಉದ್ದ, ಸಪೂರ. ವೆಡೇಲಿಯಾ ಎಲೆಯಲ್ಲಿ ಸಾಮಾನ್ಯವಾಗಿ ಮೂರು ಮೂಲೆ ಕಾಣುತ್ತವೆ. ಇದು ಮಧ್ಯ ಅಮೆರಿಕದ ಕಡೆಯಿಂದ ಬಂದದ್ದು. ತಲೆಗೆ ಹಚ್ಚೋದು ಬೇಡ.

ಗೊಬ್ಬರದಂಗಡಿ ಅನುಭವಿ:
ಗ್ಲೈಫೋಸೇಟ್ ಬಗ್ಗೆ ಒಂದು ಮಾತು. ಕೀಟ ನಿಯಂತ್ರಣ ಮಾಡುವವರ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲೇ ಆದೇಶ ಹೊರಡಿಸಿದೆ. ಅದೂ ಅಲ್ಲದೆ ಅದಕ್ಕೆ ಕಳೆ ಯಾವುದು, ಕನಕಾಂಬರ ಯಾವುದು ಅನ್ನೋ ಭೇದ ಇಲ್ಲ. ಗಾಳಿಗೆ ಹನಿ ಹಾರಿದರೆ ಮಲ್ಲಿಗೆಯೂ ಹೋಯಿತು.

ಕುವೆಂಪುನಗರದ ಸೊಸೆ:
ಥ್ಯಾಂಕ್ಸ್ ಅಕ್ಕ. ಎಲೆ ತೋರಿಸಿದೆ, ಅತ್ತೆ ಒಪ್ಪಿದರು, ಸ್ವಲ್ಪ ಮುನಿಸಿನಿಂದಲೇ. ಕಿತ್ತ ರಾಶಿಯನ್ನು ಗೊಬ್ಬರದ ಗುಂಡಿಗೆ ಹಾಕಬಹುದಾ? ಪಕ್ಕದ ಖಾಲಿ ಸೈಟಿನಲ್ಲೂ ಇದೇ ತುಂಬಿದೆ.

ಮಂಡ್ಯದ ತೋಟದವಳು:
ಹಸಿಯಾಗಿ ಬೇಡ, ಗುಂಡಿಯಲ್ಲೇ ಚಿಗುರುತ್ತದೆ. ತಾರಸಿ ಮೇಲೆ ಟಾರ್ಪಾಲ್ ಹಾಸಿ, ಮುರಿದರೆ ಚಟಚಟ ಅನ್ನುವಷ್ಟು ಒಣಗಿಸಿ, ಆಮೇಲೆ ಹಾಕಿ. ನಾಲೆಗೋ ಚರಂಡಿಗೋ ಎಸೆಯಬೇಡಿ. ನಮ್ಮ ಕಡೆ ನಾಲೆ ಏರಿ ಮೇಲೆ ಇದು ಹಬ್ಬಿರೋದೇ ಯಾರೋ ಹಾಗೆ ಎಸೆದು ಅಂತ ನನ್ನ ಗುಮಾನಿ. ಸೈಟಿನ ಕಡೆ ಕಾಂಪೌಂಡ್ ಉದ್ದಕ್ಕೂ ಒಂದಡಿ ಜಾಗ ಏನೂ ನೆಡದೆ ಬಿಡಿ. ವಾರಕ್ಕೊಮ್ಮೆ ಅಲ್ಲಿ ಕಣ್ಣಾಡಿಸಿದರೆ ನುಸುಳಿದ ಕುಡಿ ತಕ್ಷಣ ಸಿಗುತ್ತದೆ.