ಚಕಮಕಿ ಕೋವಿಗೆ ಯಾವ ಕಲ್ಲು ಹಾಕಬೇಕು? ಬಳಸಿದವರು ಹೇಳಿ

ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಅಜ್ಜನ ಕಾಲದ ಒಂದು ಕೋವಿ ಮನೆಯಲ್ಲಿದೆ. ಕೇಪಿನದಲ್ಲ, ಅದಕ್ಕೂ ಹಿಂದಿನ, ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಚಕಮಕಿ ಕೋವಿ. ಲೈಸೆನ್ಸ್ ಅಪ್ಪನಿಂದ ನನ್ನ ಹೆಸರಿಗೆ ಆಗಿದೆ. ಆಯುಧ ಪೂಜೆಗೆ ಇಳಿಸಿ, ಒರೆಸಿ, ಹೂವಿಟ್ಟು ಮತ್ತೆ ಗೋಡೆಗೆ ಏರಿಸುತ್ತೇವೆ, ಅಷ್ಟೇ. ಈ ಸಲ ಕುದುರೆಯ, ಅಂದರೆ ಕಲ್ಲು ಕಚ್ಚಿ ಹಿಡಿದು ಬಡಿಯುವ ಸುತ್ತಿಗೆಯ, ಬಾಯಲ್ಲಿದ್ದ ಹಳೇ ಕಲ್ಲು ಒಡೆದು ಬಿತ್ತು. ಹಳ್ಳದಿಂದ ಬಿಳಿ ಬೆಣಚುಕಲ್ಲು ತಂದು ಕೂರಿಸಿದೆ. ಹತ್ತು ಸಲ ಎಳೆದರೆ ಒಂದು ಸಲ ಕಿಡಿ. ಮಗಳು ನಗುತ್ತಾಳೆ. ಮದ್ದು ಹಾಕಿ ಹೊಡೆಯುವ ಆಸೆ ಇಲ್ಲ, ಕಿಡಿ ಚೆನ್ನಾಗಿ ಹಾರಿದರೆ ಸಾಕು. ಎಂಥ ಕಲ್ಲು, ಎಷ್ಟು ದೊಡ್ಡದು?

ಮೂಡಿಗೆರೆಯಿಂದ:
ಕಲ್ಲಿನ ಮಾತು ಆಮೇಲೆ. ನಳಿಗೆಯಲ್ಲಿ ಈಡು, ಅಂದರೆ ಹಿಂದೆ ತುಂಬಿದ ಮದ್ದುಗುಂಡು, ಇದೆಯಾ ನೋಡಿದಿರಾ? ಗಜವನ್ನು (ಮದ್ದು ಗಿಡಿಯುವ ಉದ್ದನೆ ಕೋಲು) ತಳ ಮುಟ್ಟುವ ತನಕ ಒಳಗೆ ಬಿಡಿ. ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಗುರುತು ಹಾಕಿ. ಹೊರಗೆ ತೆಗೆದು ಅದೇ ಗುರುತನ್ನು ಬಾಯಿಗೆ ಹಿಡಿದು, ನಳಿಗೆಯ ಪಕ್ಕಕ್ಕೆ ಉದ್ದಕ್ಕೆ ಇಡಿ. ಗಜದ ತುದಿ ಕಿವಿತೂತಿನ, ಅಂದರೆ ಬೆಂಕಿ ನಳಿಗೆಯ ಒಳಗೆ ಹೋಗುವ ಸಣ್ಣ ತೂತಿನ, ಹತ್ತಿರ ಬರಬೇಕು. ಎರಡು ಮೂರು ಬೆರಳು ಕಮ್ಮಿ ಬಂದರೆ ಒಳಗೆ ಏನೋ ಇದೆ ಅಂತ ಅರ್ಥ. ಆಗ ಕುದುರೆ ಮುಟ್ಟಲೇಬೇಡಿ, ಕೋವಿ ರಿಪೇರಿಯವರಿಗೆ ಕೊಡಿ. ನಮ್ಮ ದೊಡ್ಡಪ್ಪನ ಕೋವಿಯಲ್ಲಿ ಹೀಗೇ ಈಡು ಸಿಕ್ಕಿತು. ದೊಡ್ಡಪ್ಪ ತೀರಿಕೊಂಡು ಆಗ ಹದಿನೆಂಟು ವರ್ಷ ಆಗಿತ್ತು. ಕಪ್ಪು ಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಹತ್ತಿಕೊಳ್ಳುತ್ತದೆ ಮಾರಾಯ್ರೇ.

ಕೇಳಿದವರು:
ಈಗ ನೋಡಿದೆ ಅಣ್ಣಾ, ಖಾಲಿ. ಹತ್ತು ಸಲ ಎಳೆದ ಮೇಲೆ ನೋಡಿದ್ದು ಅನ್ನೋದು ನೆನೆದು ಬೆವರು ಬಂತು. ಎರಡು ಸಲ ಅಳೆದೆ.

ಹಾಸನದಿಂದ, ನಿವೃತ್ತ ವಿಜ್ಞಾನ ಮೇಷ್ಟ್ರು:
ಕಿಡಿ ಕಲ್ಲಿನಿಂದ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಅದು ಉಕ್ಕಿನ ಕಿಡಿ. ಕಲ್ಲಿನ ಅಂಚು ಉಕ್ಕನ್ನು ಸಣ್ಣಗೆ ಹೆರೆಯುತ್ತದೆ. ಆ ಹೆರೆದ ಪುಡಿ ಬಿಸಿಯಾಗಿ ಗಾಳಿಯಲ್ಲಿ ಉರಿಯುತ್ತದೆ. ಹಾಗಾಗಿ ಕಲ್ಲು ಗಟ್ಟಿ ಇದ್ದರೆ ಸಾಲದು, ಅಂಚು ಅಲಗಿನಂತೆ ಇರಬೇಕು. ಬೆಣಚುಕಲ್ಲೂ ಚಕಮಕಿ ಕಲ್ಲೂ ಎರಡೂ ಸಿಲಿಕಾ. ಹತ್ತರವರೆಗಿನ ಮೋಸ್ ಅಳತೆಯಲ್ಲಿ ಗಡಸುತನ ಎರಡಕ್ಕೂ ಸುಮಾರು 7. ಆದರೆ ಹಳ್ಳದ ಬೆಣಚುಕಲ್ಲಿನಲ್ಲಿ ಒಳಬಿರುಕು ಜಾಸ್ತಿ. ಪೆಟ್ಟು ಬಿದ್ದರೆ ಕಲ್ಲುಸಕ್ಕರೆ ಒಡೆದ ಹಾಗೆ ಉದುರುತ್ತದೆ. ಚಕಮಕಿ ಕಲ್ಲಿನ ಹರಳು ಕಣ್ಣಿಗೆ ಕಾಣದಷ್ಟು ಸಣ್ಣ. ಅದು ಗಾಜಿನ ಹಾಗೆ ಒಡೆದು ಚೂಪಾದ ಅಂಚು ಬಿಡುತ್ತದೆ. ನಮ್ಮ ಅಜ್ಜ ಬೆಣಚುಕಲ್ಲಿನಲ್ಲೇ ಬೀಡಿ ಹಚ್ಚುತ್ತಿದ್ದರು, ಸರಿ. ಆದರೆ ಕೈಯಲ್ಲಿ ಹಿಡಿದು ನಾಲ್ಕು ಸಲ ಗೀರಲು ಅವರಿಗೆ ಪುರುಸೊತ್ತಿತ್ತು. ಕೋವಿಗೆ ಒಂದೇ ಪೆಟ್ಟು.

ಒಳ್ಳೇ ಚಕಮಕಿ ಕಲ್ಲು ಹುಟ್ಟುವುದು ಸೀಮೆಸುಣ್ಣದಂಥ ಮೆದು ಸುಣ್ಣಕಲ್ಲಿನ ಒಳಗೆ. ಇಂಗ್ಲೆಂಡು, ಫ್ರಾನ್ಸ್ ಕಡೆ ಅದು ಹೇರಳ. ನಮ್ಮ ಎರಡೂ ಜಿಲ್ಲೆಯ ನೆಲ ಬೇರೆ ಜಾತಿಯದು, ಬಾಬಾಬುಡನ್‌ಗಿರಿಯಲ್ಲಿ ಕಬ್ಬಿಣದ ಅದಿರು ಸಿಕ್ಕೀತು, ಇದು ಸಿಗದು. ಬೇಲೂರು ಹಳೇಬೀಡಿನ ಬಳಪದ ಕಲ್ಲಂತೂ ಶಿಲ್ಪಕ್ಕೆ ಸರಿ, ಉಕ್ಕಿಗೆ ತಾಗಿದರೆ ತಾನೇ ಸವೆಯುತ್ತದೆ.

ಚಿಕ್ಕಮಗಳೂರಿನಿಂದ:
ನನ್ನ ಹತ್ತಿರ ಲೈಸೆನ್ಸ್ ಇರುವ ಒಂದು ಚಕಮಕಿ ಕೋವಿ ಇದೆ. ಮೂರು ತರದ ಕಲ್ಲು ಬಳಸಿ ನೋಡಿದ್ದೇನೆ. ಇಂಗ್ಲೆಂಡಿನ ಕಪ್ಪು ಕಲ್ಲು, ಫ್ರಾನ್ಸಿನ ಜೇನಿನ ಬಣ್ಣದ್ದು, ಮೆಷಿನ್ನಿನಲ್ಲಿ ಕೊಯ್ದ ಅಗೇಟು ಅನ್ನುವ ಹರಳುಕಲ್ಲು. ಅಗೇಟು ನೋಡಲು ಅಚ್ಚುಕಟ್ಟು, ಬಾಳಿಕೆಯೂ ಬರುತ್ತದೆ. ಆದರೆ ಅಂಚು ಮೊಂಡಾದರೆ ಕೈಯಲ್ಲಿ ಚಕ್ಕೆ ಎಬ್ಬಿಸಲು ಬರುವುದಿಲ್ಲ, ವಜ್ರದ ಸಾಣೆಯೇ ಬೇಕು. ಮೇಲಿಂದ ಉಕ್ಕನ್ನೂ ಗೀರಿ ಹಾಕುತ್ತದೆ. ನಾನು ಬಿಟ್ಟೆ. ಕಪ್ಪು ಮತ್ತು ಜೇನು ಬಣ್ಣದ್ದರ ನಡುವೆ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಣ್ಣಕ್ಕಿಂತ ಆಕಾರ ಮುಖ್ಯ.

ಆರಿಸುವಾಗ ನಾನು ನೋಡುವುದು ಇಷ್ಟು. ಮೇಲೆ ಕೆಳಗೆ ಸಮತಟ್ಟಾಗಿರಬೇಕು. ಬೆನ್ನು ಗೂನಾದ ಕಲ್ಲು ಕುದುರೆಯ ಬಾಯಲ್ಲಿ ಕೂರುವುದಿಲ್ಲ, ಎಷ್ಟು ಸ್ಕ್ರೂ ಬಿಗಿದರೂ ಜಾರುತ್ತದೆ. ಅಂಚು ನೇರ ಇರಬೇಕು, ಮೂಲೆ ಮಾತ್ರ ತಾಗಿದರೆ ಕಿಡಿ ಕಮ್ಮಿ. ಬಿಳಿ ಚುಕ್ಕೆ, ಸುಣ್ಣದ ಸಿಪ್ಪೆ ಅಂಚಿನಲ್ಲಿ ಇದ್ದರೆ ಬೇಡ. ಎರಡು ಕಲ್ಲನ್ನು ಮೆಲ್ಲಗೆ ತಾಗಿಸಿ, ಟಣ್ ಅನ್ನಬೇಕು. ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಹಾಗೇ.

ಅಳತೆಗೆ ಕೋವಿಯನ್ನೇ ಕೇಳಿ. ಕಲ್ಲು ಬಡಿಯುವ ಉಕ್ಕಿನ ಮುಚ್ಚಳ ಇದೆಯಲ್ಲ, ಫ್ರಿಜನ್ ಅಂತಾರೆ, ಅದರ ಅಗಲವೇ ಕಲ್ಲಿನ ಅಗಲ. ಕೂದಲೆಳೆ ಕಮ್ಮಿ ಇದ್ದರೂ ಅಡ್ಡಿಯಿಲ್ಲ. ಉದ್ದಕ್ಕೆ, ಮುಚ್ಚಳ ಹಾಕಿ ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ. ಕಲ್ಲಿನ ಅಂಚು ಮುಚ್ಚಳಕ್ಕೆ ತಾಗಬಾರದು, ಒಂದೆರಡು ಮಿಲಿಮೀಟರ್ ಬಿಡುವಿರಬೇಕು. ಬಿಟ್ಟಾಗ ಪೆಟ್ಟು ಮುಚ್ಚಳದ ಮೇಲ್ಭಾಗದಲ್ಲಿ ಬಿದ್ದು ಕೆಳಗಿನ ತನಕ ಹೆರೆಯುತ್ತಾ ಬರಬೇಕು. ಆಗಲೇ ಕಿಡಿ ರಂಜಕದ (ಮೊದಲು ಹತ್ತಿಕೊಳ್ಳುವ ಸಣ್ಣ ಮದ್ದಿನ) ಬಟ್ಟಲಿಗೆ ಬೀಳುವುದು. ಕಲ್ಲಿನ ಇಳಿಜಾರು ಮುಖ ಮೇಲಿರಬೇಕಾ ಕೆಳಗಾ ಅಂತ ಜನ ಜಗಳವಾಡುತ್ತಾರೆ. ಎರಡನ್ನೂ ಕತ್ತಲಲ್ಲಿ ಹಾಕಿ ನೋಡಿ. ಕಿಡಿ ಬಟ್ಟಲಿಗೆ ಬೀಳುವುದು ಯಾವುದರಲ್ಲಿ ಜಾಸ್ತಿ, ಅದೇ ಸರಿ.

ನನ್ನ ಕಲ್ಲು ತಮ್ಮ ಇಂಗ್ಲೆಂಡಿನಿಂದ ಬರುವಾಗ ತಂದದ್ದು. ಅಲ್ಲಿ ಬ್ರ್ಯಾಂಡನ್ ಅಂತ ಊರು, ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟಿಷ್ ಸೈನ್ಯಕ್ಕೆ ಕಲ್ಲು ಕೆತ್ತಿ ಕೊಡುತ್ತಿತ್ತು. ಕೆತ್ತುವವರು ಆ ದೂಳು ಕುಡಿದು ಶ್ವಾಸಕೋಶ ಕೆಟ್ಟು ಬೇಗ ಸಾಯುತ್ತಿದ್ದರು. ನೀವೂ ಅಂಚು ತಿದ್ದುವಾಗ ಹೊರಗೆ ಅಂಗಳದಲ್ಲಿ ಕೂತು, ಕನ್ನಡಕ ಹಾಕಿ ತಿದ್ದಿ. ಚಕ್ಕೆ ಕಣ್ಣಿಗೆ ಹಾರುತ್ತದೆ.

ಅರಸೀಕೆರೆಯಿಂದ:
ಕಲ್ಲಿಗೆ ಸೀಸದ ತಗಡು ಸುತ್ತಿ. ಸೈನ್ಯದವರು ಅದನ್ನೇ ಸುತ್ತುತ್ತಿದ್ದರು.

ಚಿಕ್ಕಮಗಳೂರಿನಿಂದ:
ಸಿಪಾಯಿಗಳ ದೊಡ್ಡ ಕೋವಿ ಮಸ್ಕೆಟ್ಟಿಗೆ ಸರಿ ಸರ್, ಅದರ ಕುದುರೆ ಎತ್ತಿನಂಥದ್ದು. ಸಣ್ಣ ಕೋವಿಗೆ ಸೀಸ ಭಾರ. ತೆಳು ಚರ್ಮ ಮಡಚಿ ಹಾಕಿ, ಸ್ಕ್ರೂ ಬರುವ ಕಡೆ ಒಂದು ತೂತು ಕತ್ತರಿಸಿ. ಹಳೇ ಚಪ್ಪಲಿಯ ಪಟ್ಟಿ ಸಾಕು. ನಾಲ್ಕು ಪೆಟ್ಟಾದ ಮೇಲೆ ಚರ್ಮ ಕುಗ್ಗುತ್ತದೆ, ಮತ್ತೆ ಬಿಗಿಯಿರಿ.

ಬೇಲೂರಿನಿಂದ, ಕಮ್ಮಾರಿಕೆ ಮನೆ:
ಎಲ್ಲರೂ ಕಲ್ಲಿನ ಹಿಂದೆ ಬಿದ್ದಿದ್ದೀರಿ. ಮುಚ್ಚಳದ ಉಕ್ಕು ಮೆತ್ತಗಾಗಿದ್ದರೆ ಇಂಗ್ಲೆಂಡಿನ ಕಲ್ಲೇ ತಂದರೂ ಕಿಡಿ ಬಾರದು. ಮೂಲೆಯಲ್ಲಿ ಅರ ಹಾಕಿ ನೋಡಿ. ಅರ ಜಾರಿದರೆ ಉಕ್ಕು ಸರಿ ಇದೆ. ಅರ ಕಚ್ಚಿದರೆ ನೀರು ಕೊಡಿಸಬೇಕು, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿಸಬೇಕು. ಅದನ್ನು ಮನೆಯ ಒಲೆಯಲ್ಲಿ ಮಾಡಲು ಹೋಗಬೇಡಿ, ಸೀಳು ಬಿಡುತ್ತದೆ. ಇನ್ನೊಂದು ಮಾತು. ಪೂಜೆಗೆ ಒರೆಸಿದೆ ಅಂದಿರಿ. ಎಣ್ಣೆಯಲ್ಲೇ ಒರೆಸಿದ್ದು ಅಲ್ವಾ?

ಆಲೂರಿನಿಂದ:
ಮಂಜರಾಬಾದ್ ಕೋಟೆಯ ಮದ್ದಿನ ಮನೆ ನೋಡಿದಾಗಲೆಲ್ಲ ನನಗೆ ಒಂದೇ ಯೋಚನೆ. ಟಿಪ್ಪು 1792ರಲ್ಲಿ ಕೋಟೆ ಕಟ್ಟಿಸಿದ, ಸರಿ. ನಮ್ಮ ಆಷಾಢದ ಮಳೆಯಲ್ಲಿ ಆ ಸಿಪಾಯಿಗಳು ರಂಜಕ ಒಣಗಿಸಿ ಇಟ್ಟುಕೊಂಡದ್ದು ಹೇಗೆ? ನಮಗೆ ಬೆಂಕಿಪೊಟ್ಟಣವೇ ಹತ್ತುವುದಿಲ್ಲ.

ಕೇಳಿದವರು:
ಬೇಲೂರಿನವರು ಸರಿಯಾಗಿ ಹಿಡಿದರು. ಕೋವಿಗೆಲ್ಲ ಎಣ್ಣೆ, ಮುಚ್ಚಳಕ್ಕೂ ಎಣ್ಣೆ. ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿದೆ. ಅದೇ ಬೆಣಚುಕಲ್ಲಿನಲ್ಲಿ ಹತ್ತಕ್ಕೆ ನಾಲ್ಕು ಸಲ ಬಂತು. ಐದನೇದಕ್ಕೆ ಕಲ್ಲಿನ ಅಂಚು ಪುಡಿಯಾಯಿತು, ಮೇಷ್ಟ್ರು ಹೇಳಿದ ಹಾಗೇ. ಅರ ಜಾರಿತು, ಉಕ್ಕು ಗಟ್ಟಿ ಇದೆ. ಮುಚ್ಚಳದ ಅಗಲ 24 ಮಿಲಿಮೀಟರ್. ಭಾವನ ಮಗ ಲಂಡನ್ನಿನಲ್ಲಿದ್ದಾನೆ, ದೀಪಾವಳಿಗೆ ಬರುತ್ತಾನೆ. ಕಪ್ಪು ಕಲ್ಲು, 22ರದ್ದು ಹೇಳಲಾ, 25ರದ್ದು ಹೇಳಲಾ?

ಚಿಕ್ಕಮಗಳೂರಿನಿಂದ:
22. ದೊಡ್ಡದು ತಂದರೆ ನಳಿಗೆಯ ಪಕ್ಕಕ್ಕೆ ಉಜ್ಜುತ್ತದೆ. ಅರ್ಧ ಡಜನ್ ಸಾಕು. ಅದು ಬರುವ ತನಕ ಕುದುರೆಯ ಬಾಯಿಗೆ ಒಂದು ಮರದ ತುಂಡು ಕಚ್ಚಿಸಿಡಿ, ಮಗಳು ಎಳೆದು ನೋಡಿದರೂ ಉಕ್ಕಿಗೆ ಗಾಯ ಆಗುವುದಿಲ್ಲ.