ಸಹಾಯ ಬೇಕು: ಬುದ್ಧ ವಿಗ್ರಹದ ಅಡಿತಗಡು ಕಳಚಿದೆ

ನೇಪಾಳದ ಪಾಟನ್‌ನಲ್ಲಿ ಮೇಣದಚ್ಚಿನಿಂದ ಎರಕ ಹೊಯ್ದ, ಒಂದಡಿ ಎತ್ತರದ ತಾಮ್ರದ ಶಾಕ್ಯಮುನಿ. ಮೈಗೆ ಪಾದರಸದಲ್ಲಿ ಕಲಸಿದ ಚಿನ್ನ ಬಳಿದು ಬೆಂಕಿಯಲ್ಲಿ ಕಾಯಿಸಿದ್ದಾರೆ. ಮುಖಕ್ಕೆ ಮಾತ್ರ ಅಂಟಿನಲ್ಲಿ ಕಲಸಿದ ಚಿನ್ನದ ಪುಡಿ. ಹಾಗಾಗಿ ಹುಣಸೆಹಣ್ಣು, ಪಾಲಿಶ್, ಒದ್ದೆ ಬಟ್ಟೆಯ ಸಲಹೆ ದಯವಿಟ್ಟು ಬೇಡ. ಒರೆಸಿದರೆ ಮುಖದ ಚಿನ್ನವೇ ಎದ್ದು ಬರುತ್ತದೆ.

ತೊಂದರೆ ಇರುವುದು ಒಳಗೆ. ವಿಶ್ವವಜ್ರ (ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ವಜ್ರಗಳ ಚಿಹ್ನೆ) ಕೊರೆದ ಅಡಿತಗಡು ಕಳಚಿ, ವಿಗ್ರಹದ ಟೊಳ್ಳಿನಲ್ಲಿ ತುಂಬಿದ್ದ ಮಂತ್ರ ಬರೆದ ಕಾಗದದ ಸುರುಳಿಗಳು ಸಡಿಲವಾಗಿವೆ, ನಡುವಿನ ‘ಸೋಕ್‌ಶಿಂಗ್’ (ಜೀವದ ಮರ ಎನ್ನುವ ಮರದ ಕೋಲು) ಓರೆಯಾಗಿದೆ. ಮರದ ಬುಡ ಕೆಳಗೆ, ತುದಿ ಮೇಲೆ ಬರುವಂತೆ ನಿಲ್ಲಿಸಿ, ಸುತ್ತ ಅಲುಗಾಡದಂತೆ ಸುರುಳಿ ಬಿಗಿಯಬೇಕು. ಹೀಗೆ ತುಂಬಿ ಪ್ರತಿಷ್ಠೆ ಆದ ಮೇಲಷ್ಟೇ ಟಿಬೆಟನ್ನರು ಅದನ್ನು ಬುದ್ಧನ ಸಾನ್ನಿಧ್ಯ ಎನ್ನುವುದು.

ಬೈಲಕುಪ್ಪೆ ಅಥವಾ ಮುಂಡಗೋಡದ ಮಠಗಳಲ್ಲಿ ಇದಕ್ಕೆ ಯಾರನ್ನು ಕೇಳಬೇಕು? ಹಳೆಯ ಸುರುಳಿಗಳನ್ನೇ ಮತ್ತೆ ಹಾಕಬಹುದೇ? ತಗಡಿನ ಅಂಚನ್ನು ಉಳಿಯಿಂದ ಬಡಿದು ಕೂರಿಸುವವರೂ ಬೇಕು. ಬೆಸುಗೆ ಆಗದು, ಒಳಗಿನ ಕಾಗದ ಸುಟ್ಟೀತು.